ಛೀ ಅಂದರೆ ಏಳು: ಪುಟ್ಟ ಮಕ್ಕಳಿಗೆ ಆಟದಲ್ಲೇ ಮ್ಯಾಂಡರಿನ್

ನಾವಿರುವುದು ಸಿಂಗಪುರದ ಒಂದು ಸರ್ಕಾರಿ ವಸತಿ ಮಂಡಳಿಯ, ಅಂದರೆ ಎಚ್‌ಡಿಬಿ ಫ್ಲ್ಯಾಟಿನ ಹನ್ನೆರಡನೇ ಮಹಡಿಯಲ್ಲಿ. ಮಗಳು ನರ್ಸರಿಗೆ ಸೇರಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಲಿಫ್ಟಿನಲ್ಲಿ ಪಕ್ಕದ ಮನೆಯ ಚೀನೀ ಅಜ್ಜಿ ಇವಳ ಕೆನ್ನೆ ಹಿಂಡಿ ಏನೋ ಕೇಳಿದರು, ಇವಳು ಏನೋ ಹೇಳಿದಳು, ಇಬ್ಬರೂ ನಕ್ಕರು. ನಾನು ತರಕಾರಿ ಚೀಲ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ. ಮನೆಗೆ ಬಂದ ಮೇಲೆ "ಅಜ್ಜಿ ಏನು ಕೇಳಿದ್ರು ಪುಟ್ಟಾ?" ಅಂದರೆ "ಊಟ ಆಯ್ತಾ ಅಂತ" ಅಂದಳು. ನಮ್ಮೂರಲ್ಲೂ ಎದುರಿಗೆ ಸಿಕ್ಕವರು ಮೊದಲು ಕೇಳುವುದು ಅದನ್ನೇ ಅಲ್ವಾ! ಅವತ್ತು ರಾತ್ರಿಯೇ ನಾನೂ ಕಲಿಯಲು ಕೂತೆ.

ಇಲ್ಲಿ ಮುಕ್ಕಾಲು ಪಾಲು ಜನ ಚೀನೀ ಮೂಲದವರು. ಇಂಗ್ಲಿಷ್, ಮ್ಯಾಂಡರಿನ್ (ನಾವು ಸುಮ್ಮನೆ ಚೈನೀಸ್ ಅನ್ನುವುದು ಇದನ್ನೇ), ಮಲಯ್, ತಮಿಳು ನಾಲ್ಕೂ ಅಧಿಕೃತ ಭಾಷೆಗಳು. ಶಾಲೆಯಲ್ಲಿ ಮಾತೃಭಾಷೆ ಅಂತ ಒಂದು ವಿಷಯ ಇರುತ್ತದೆ. ಭಾರತದವರಿಗೆ ತಮಿಳು ಅಥವಾ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಮುಂದೆ ಯಾವುದನ್ನು ಆರಿಸಿಕೊಳ್ಳಬೇಕು ಅನ್ನುವುದು ಬೇರೆಯೇ ರಾಮಾಯಣ, ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಅದಕ್ಕಿಂತ ಮೊದಲಿನ ಕಥೆ: ಮೂರರಿಂದ ಆರು ವರ್ಷದ ಮಗುವಿಗೆ, ಅಪ್ಪ ಅಮ್ಮನಿಗೆ ಒಂದಕ್ಷರ ಚೈನೀಸ್ ಬರದಿದ್ದರೂ, ಮನೆಯಲ್ಲಿ ಆಡುತ್ತಾ ಆಡುತ್ತಾ ಈ ಭಾಷೆಯ ರುಚಿ ಹತ್ತಿಸುವುದು ಹೇಗೆ ಅಂತ.

ನಾನು ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನೂರು ಫ್ಲ್ಯಾಶ್ ಕಾರ್ಡುಗಳ ಡಬ್ಬಿ ತಂದೆ. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಚೈನೀಸ್ ಅಕ್ಷರ, ಕೆಳಗೆ ಇಂಗ್ಲಿಷ್ ಲಿಪಿಯಲ್ಲಿ ಉಚ್ಚಾರ. ಮೂರನೇ ದಿನಕ್ಕೆ ಮಗಳು ಅವನ್ನೆಲ್ಲ ತನ್ನ ಗೊಂಬೆ ಮನೆಗೆ ಹೆಂಚು ಮಾಡಿ ಹೊದಿಸಿದ್ದಳು. ಆಮೇಲೆ ಒಂದು ಟ್ಯೂಷನ್ ಕ್ಲಾಸಿಗೆ ಹಾಕಿದೆವು. ಅಲ್ಲಿ ಮೂರೂವರೆ ವರ್ಷದ ಮಗುವಿಗೆ ಒಂದೇ ಅಕ್ಷರವನ್ನು ಎರಡು ಪುಟ ತಿದ್ದಲು ಕೊಟ್ಟರು. ನಾಲ್ಕು ವಾರಕ್ಕೆ ಬಿಡಿಸಿದೆ. ಆ ದುಡ್ಡು ಹೋಗಿದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಎಡವಟ್ಟುಗಳಿಂದ ಕಲಿತದ್ದು ಇಷ್ಟು. ಚೈನೀಸ್‌ಗೆ ಇಂಗ್ಲಿಷ್ ಬಾಗಿಲಿನಿಂದ ಹೋಗಬೇಡಿ, ಕನ್ನಡದ ಬಾಗಿಲಿನಿಂದ ಹೋಗಿ. ಹತ್ತಿರದ ದಾರಿ ಅದೇ.

ಯಾಕೆ ಅಂತೀರಾ? ಚೈನೀಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅಂತ ಹೆಸರು. ಚೀನಾದಲ್ಲಿ 1958ರಲ್ಲಿ ಜಾರಿಗೆ ಬಂತು. ಅದರಲ್ಲಿ 'ಬಿ' ಅಕ್ಷರ ಇದ್ದರೆ ನಾವು ಬ ಅಂತ ಓದುತ್ತೇವೆ. ಆದರೆ ಅವರು ಹೇಳುವುದು ನಮ್ಮ ಪ. 'ಪಿ' ಅಕ್ಷರ ಇದ್ದರೆ ಅದು ಮಹಾಪ್ರಾಣದ ಫ. ಹಾಗೆಯೇ 'ಡಿ' ಅಂದರೆ ಹೆಚ್ಚುಕಡಿಮೆ ತ, 'ಟಿ' ಅಂದರೆ ಥ. 'ಜಿ' ಅಂತ ಕಲಿತ ಅಕ್ಷರ ಗ ಅಲ್ಲ, ಕ. 'ಕೆ' ಅಂದರೆ ಖ. ನಾವು ಬೀಜಿಂಗ್ ಅನ್ನುವ ಊರನ್ನು ಅಲ್ಲಿಯವರು ಹೇಳುವಾಗ ಕಿವಿಗೊಟ್ಟು ಕೇಳಿ, ಪೇಯ್‌ಚಿಂಗ್ ಅಂತಲೇ ಕೇಳಿಸುತ್ತದೆ. ಅಲ್ಪಪ್ರಾಣ ಮಹಾಪ್ರಾಣ ಅಂತ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಒತ್ತಿ ಒತ್ತಿ ಹೇಳಿಸಿದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು ನೋಡಿ. ಆದ್ದರಿಂದ ನೀವು ಕಲಿಯುವ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದು ಫ್ರಿಜ್ಜಿಗೆ ಅಂಟಿಸಿಕೊಳ್ಳಿ. ಅದು ನಿಮಗೆ ಮಾತ್ರ, ಮಗುವಿಗಲ್ಲ. ಮಗುವಿಗೆ ಈ ವಯಸ್ಸಿನಲ್ಲಿ ಪಿನ್‌ಯಿನ್ ತೋರಿಸಲೇಬೇಡಿ, ನರ್ಸರಿಯಲ್ಲಿ ಇಂಗ್ಲಿಷ್ ಫೋನಿಕ್ಸ್ (ಅಕ್ಷರಕ್ಕೊಂದು ಸದ್ದು ಹೇಳಿಸುವ ಪಾಠ) ನಡೆಯುತ್ತಿರುತ್ತದೆ, ಎರಡೂ ಕಲಸಿ ಮೇಲೋಗರ ಆಗುತ್ತದೆ. ಪಿನ್‌ಯಿನ್ ಅನ್ನು ಒಂದನೇ ತರಗತಿಯಲ್ಲಿ ಹೇಳಿಕೊಡುತ್ತಾರೆ.

ಈಗ ಆಟಕ್ಕೆ ಬರೋಣ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಓಡಿದ ಆಟದ ಹೆಸರು 'ಪಾವ್-ಫಾವ್'. ಪಾವ್ ಅಂದರೆ ಹೊಟ್ಟೆ ತುಂಬಿದೆ ಅಂತ. ಫಾವ್ ಅಂದರೆ ಓಡು. ಎರಡರ ರಾಗವೂ, ಅಂದರೆ ದನಿಯ ಏರಿಳಿತವೂ ಒಂದೇ, ವ್ಯತ್ಯಾಸ ಬರೀ ಉಸಿರಿನದ್ದು. ಫಾವ್ ಅಂತ ಕೂಗಿದರೆ ಮಗು ಓಡಬೇಕು, ಪಾವ್ ಅಂದ ಕೂಡಲೇ ಹೊಟ್ಟೆ ಹಿಡಿದುಕೊಂಡು ಕೂತುಬಿಡಬೇಕು. ಬೇಕಂತಲೇ ಫಾವ್, ಫಾವ್, ಫಾವ್ ಅಂತ ಓಡಿಸಿ ಮೆಲ್ಲಗೆ ಪಾವ್ ಅನ್ನಿ. ತಪ್ಪು ಮಾಡಿದವರು ಔಟ್. ನೀವು ಸರಿಯಾಗಿ ಹೇಳುತ್ತಿದ್ದೀರಾ ಅಂತ ನೋಡಿಕೊಳ್ಳಲು ಬಾಯಿಯ ಮುಂದೆ ಟಿಶ್ಯೂ ಕಾಗದ ಹಿಡಿಯಿರಿ. ಪಾವ್‌ಗೆ ಅದು ಅಲುಗಾಡಬಾರದು, ಫಾವ್‌ಗೆ ಹಾರಬೇಕು. ಒಂದು ಎಚ್ಚರಿಕೆ: ಈ ಫ ಫ್ಯಾನಿನ ಫ ಅಲ್ಲ, ಹಲ್ಲು ತುಟಿಗೆ ತಾಗಬಾರದು. ಎರಡೂ ತುಟಿ ಮುಚ್ಚಿ ಪ ಅಂದು ಜೊತೆಗೆ ಗಾಳಿ ಊದಬೇಕು. ಹತ್ತು ನಿಮಿಷ ಆಡಿದರೆ ಮಗುವಿಗೆ ಸುಸ್ತಾಗಿ ಊಟವೂ ಸೇರುತ್ತದೆ, ಅದು ಬೋನಸ್.

ಇನ್ನು ರಾಗ. ಚೈನೀಸ್ ಅಂದರೆ ಎಲ್ಲರೂ ಹೆದರುವುದು ಇದಕ್ಕೇ. ನಾಲ್ಕು ರಾಗ, ರಾಗ ಬದಲಾದರೆ ಅರ್ಥ ಬದಲು. ಪುಸ್ತಕಗಳೆಲ್ಲ 'ಮಾ' ಅನ್ನುವ ಒಂದೇ ಸದ್ದಿಗೆ ಅಮ್ಮ, ಸೆಣಬು, ಕುದುರೆ, ಬೈಯುವುದು ಅಂತ ನಾಲ್ಕು ಅರ್ಥ ಕೊಟ್ಟು ಶುರು ಮಾಡುತ್ತವೆ. ಮೂರು ವರ್ಷದ ಮಗುವಿಗೆ ಸೆಣಬು ಕಟ್ಟಿಕೊಂಡು ಏನಾಗಬೇಕು? ಅದರ ಬದಲು ನಮ್ಮ 'ಹೂಂ' ಇದೆಯಲ್ಲ, ಅದನ್ನು ಹಿಡಿದುಕೊಳ್ಳಿ. ಆಶ್ಚರ್ಯದಿಂದ ಹೂಂ? ಅನ್ನುವಾಗ ದನಿ ಮೇಲಕ್ಕೆ ಏರುತ್ತದೆ, ಅದು ಎರಡನೇ ರಾಗ. ಹೋಮ್‌ವರ್ಕ್ ಮಾಡು ಅಂದಾಗ ಒಲ್ಲದ ಮನಸ್ಸಿನಿಂದ ಹೂಂಊಂ ಅಂತ ತಗ್ಗಿನಲ್ಲಿ ಎಳೆಯುತ್ತಾರಲ್ಲ, ಅದು ಮೂರನೆಯದು. ಹೂಂ! ನಡಿ! ಅಂತ ಗದರುವಾಗ ದನಿ ಧೊಪ್ಪನೆ ಬೀಳುತ್ತದೆ, ಅದು ನಾಲ್ಕನೆಯದು. ಒಂದನೆಯದಕ್ಕೆ ಮಾತ್ರ ಹೂಂ ಬೇಡ, ಡಾಕ್ಟರು ಟಾರ್ಚ್ ಹಿಡಿದು "ಆ ಅನ್ನು" ಅಂದಾಗ ಮಗು ಆಆಆ ಅಂತ ಏರಿಳಿತ ಇಲ್ಲದೆ ಎಳೆಯುತ್ತದಲ್ಲ, ಹಾಗೆ, ಸ್ವಲ್ಪ ಎತ್ತರದ ದನಿಯಲ್ಲಿ. ನಮಗೆ ರಾಗ ಗೊತ್ತೇ ಇದೆ. ಅದನ್ನು ಪದಕ್ಕೆ ಹಾಕುವ ಅಭ್ಯಾಸ ಮಾತ್ರ ಇಲ್ಲ.

ಮಗುವಿಗೆ ಇಷ್ಟೆಲ್ಲ ವಿವರಿಸಬೇಡಿ. ದೊಡ್ಡ ರಟ್ಟಿನ ಮೇಲೆ ನಾಲ್ಕು ರಸ್ತೆ ಬರೆಯಿರಿ. ಮೊದಲನೆಯದು ಮೇಲ್ಸೇತುವೆ, ನೇರ. ಎರಡನೆಯದು ಘಾಟಿ, ಹತ್ತುತ್ತಾ ಹೋಗುತ್ತದೆ. ಮೂರನೆಯದರಲ್ಲಿ ನಡುವೆ ಗುಂಡಿ. ನಾಲ್ಕನೆಯದು ಜಾರುಬಂಡೆ. ಒಂದು ಆಟಿಕೆ ಕಾರು ಕೊಡಿ. ನೀವು ಪದ ಹೇಳಿದ ಹಾಗೆ ಮಗು ಸರಿಯಾದ ರಸ್ತೆಯಲ್ಲಿ ಕಾರು ಓಡಿಸಬೇಕು. ಮೊದಲ ವಾರ ಬರೀ ಮೇಲ್ಸೇತುವೆ ಮತ್ತು ಜಾರುಬಂಡೆ ಸಾಕು, ಇವೆರಡರ ವ್ಯತ್ಯಾಸ ಸುಲಭ. ಗುಂಡಿ ಕೊನೆಗಿರಲಿ. ಬೆಂಗಳೂರಿನಿಂದ ಬಂದ ನಮ್ಮ ಭಾವನವರು ಗುಂಡಿ ರಸ್ತೆಯೊಂದೇ ನೈಜವಾಗಿದೆ ಅಂದರು.

ರಾಗದ ನಿಜವಾದ ಮಜಾ ಇರುವುದು ಅಂಗಡಿ ಆಟದಲ್ಲಿ. 'ಮಾಯ್' ಅನ್ನುವುದನ್ನು ಗುಂಡಿ ರಾಗದಲ್ಲಿ ಹೇಳಿದರೆ ಕೊಳ್ಳುವುದು, ಜಾರುಬಂಡೆ ರಾಗದಲ್ಲಿ ಹೇಳಿದರೆ ಮಾರುವುದು! ನಾನು ಒಮ್ಮೆ ತರಕಾರಿ ಅಂಗಡಿಯ ಅಂಕಲ್ ಮುಂದೆ ಬೆಂಡೆಕಾಯಿ ಕೊಳ್ಳಲು ಬಂದಿದ್ದೇನೆ ಅಂತ ಹೇಳಲು ಹೋಗಿ ಮಾರಲು ಬಂದಿದ್ದೇನೆ ಅಂದಿದ್ದೆ. ಅವರು ನಗುತ್ತಾ ಕಿಲೋಗೆ ಎಷ್ಟು ಅಂತ ನನ್ನನ್ನೇ ಕೇಳಿದರು. ಮನೆಯಲ್ಲಿ ಊಟದ ಟೇಬಲ್ಲಿನ ಮೇಲೆ ನಾಲ್ಕು ಆಟಿಕೆ ಹಣ್ಣು, ಎರಡು ಬಟ್ಟಲು ಇಟ್ಟು ಹಾಕರ್ ಸೆಂಟರ್ (ಇಲ್ಲಿನ ಸಾಲು ಸಾಲು ತಿಂಡಿ ಅಂಗಡಿಗಳ ಜಾಗ) ಮಾಡಿ. ನೀವು ಗಿರಾಕಿ, ಮಗು ಅಂಗಡಿಯವಳು. 'ವೊ ಯಾವ್' ಅಂದರೆ ನನಗೆ ಬೇಕು. 'ಥಾಂಗ್' ಅಂತ ಮೇಲ್ಸೇತುವೆ ರಾಗದಲ್ಲಿ ಕೇಳಿದರೆ ಸೂಪು, ಘಾಟಿ ಹತ್ತುವ ರಾಗದಲ್ಲಿ ಕೇಳಿದರೆ ಮಿಠಾಯಿ. ಒಂದು ಬಟ್ಟಲಲ್ಲಿ ನೀರು, ಇನ್ನೊಂದರಲ್ಲಿ ನಿಜವಾದ ಮಿಠಾಯಿ ಇಡಿ. ಆಮೇಲೆ ಗಿರಾಕಿ ಅಂಗಡಿ ಅದಲುಬದಲು ಮಾಡಿ, ಮಗು ಘಾಟಿ ಹತ್ತಿಸಿ ಕೇಳಿದರೆ ಮಾತ್ರ ಮಿಠಾಯಿ, ಇಲ್ಲದಿದ್ದರೆ ಒಂದು ಚಮಚ ನೀರು. ಎರಡನೇ ರಾಗ ಅಷ್ಟು ಬೇಗ ಕೂರಿಸುವ ಬೇರೆ ಉಪಾಯ ನನಗೆ ಕಂಡಿಲ್ಲ. ಕೊನೆಗೆ 'ತಾಪಾವ್' ಅನ್ನಿ, ಅಂದರೆ ಪಾರ್ಸೆಲ್. ಇಲ್ಲಿ ಯಾವ ಭಾಷೆಯವರಾದರೂ ಬಳಸುವ ಪದ ಅದು. ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಮಗು ಬೇಗ ಕಲಿಯಬೇಕಾದ ಇನ್ನೊಂದು ಮಾತು 'ಪೂ ಯಾವ್ ರೋ', ಮಾಂಸ ಬೇಡ ಅಂತ. ನಮ್ಮವಳು ಇದನ್ನು ಹಣ್ಣಿನ ಅಂಗಡಿಯಲ್ಲೂ ಹೇಳುತ್ತಾಳೆ.

ಎಣಿಕೆ. ಇಲ್ಲಿ ನಗು ಪುಕ್ಕಟೆ. ಒಂದರಿಂದ ಹತ್ತು ನನ್ನ ಫ್ರಿಜ್ಜಿನ ಮೇಲೆ ಹೀಗಿದೆ: ಈ, ಅರ್, ಸಾನ್, ಸ್ಸ, ವೂ, ಲ್ಯೋ, ಛೀ, ಪಾ, ಚ್ಯೋ, ಷ್ರ. ಏಳು ಅಂದರೆ ಛೀ! ಮಗಳು ಮೊದಲ ಸಲ ಕೇಳಿದಾಗ ಬಿದ್ದು ಬಿದ್ದು ನಕ್ಕಳು, ಹಾಗಾಗಿ ಏಳನ್ನು ಯಾವತ್ತೂ ಮರೆತಿಲ್ಲ. ನಾಲ್ಕನ್ನು ಮಾತ್ರ ಜಾರುಬಂಡೆ ರಾಗದಲ್ಲೇ ಹೇಳಿಸಿ, ಗುಂಡಿಗೆ ಬಿದ್ದರೆ ಸಾಯುವುದು ಅಂತ ಅರ್ಥ ಬರುತ್ತದೆ, ಹಿರಿಯರ ಮುಂದೆ ಚೆನ್ನಾಗಿರುವುದಿಲ್ಲ. ಚೀನೀಯರು ಹತ್ತರವರೆಗೂ ಒಂದೇ ಕೈಯಲ್ಲಿ ತೋರಿಸುತ್ತಾರೆ. ಐದರವರೆಗೆ ನಮ್ಮ ಹಾಗೆಯೇ. ಆರಕ್ಕೆ ಹೆಬ್ಬೆರಳು ಕಿರುಬೆರಳು ಚಾಚಿ ಉಳಿದದ್ದು ಮಡಿಸುವುದು, ಎಂಟಕ್ಕೆ ಹೆಬ್ಬೆರಳು ತೋರುಬೆರಳು, ಒಂಬತ್ತಕ್ಕೆ ತೋರುಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸುವುದು. ಏಳಕ್ಕೆ ಬೆರಳ ತುದಿಗಳನ್ನು ಕೂಡಿಸುತ್ತಾರೆ, ಚಿಟಿಕೆ ಉಪ್ಪು ಹಿಡಿದ ಹಾಗೆ. ಹತ್ತಕ್ಕೆ ಮುಷ್ಟಿ. ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಒಬ್ಬರು ಕೈ ತೋರಿಸುವುದು, ಇನ್ನೊಬ್ಬರು ಹೇಳುವುದು, ಬಸ್ಸಿಗೆ ಕಾಯುವಾಗ ಆಡಲು ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ಹತ್ತರ ಮೇಲೆ ಹೊಸ ಪದವೇ ಬೇಡ. ಹನ್ನೊಂದು ಅಂದರೆ ಹತ್ತು-ಒಂದು, ಇಪ್ಪತ್ತು ಅಂದರೆ ಎರಡು-ಹತ್ತು. ನಮ್ಮ ಹದಿಮೂರು, ಹತ್ತೊಂಬತ್ತು ಅನ್ನುವ ತೊಡಕು ಇಲ್ಲ. ಇದನ್ನು ಕಲಿಸಲು ಲಿಫ್ಟ್ ಹೇಳಿ ಮಾಡಿಸಿದ ಜಾಗ. ಮಹಡಿಯ ನಂಬರು ಬದಲಾದ ಹಾಗೆ ಕೂಗುತ್ತಾ ಹೋಗುವುದು, ಹನ್ನೆರಡಕ್ಕೆ 'ಷ್ರ-ಅರ್ ಲೋ' ಅಂತ ಜಿಗಿಯುವುದು. ಮೇಲಕ್ಕೆ ಹೋಗುವುದು 'ಷಾಂಗ್', ಕೆಳಕ್ಕೆ 'ಶ್ಯಾ'. ಮೇಲಿನದು ಹೊಟ್ಟೆ ಸೀಳಿದ ಷ, ಕೆಳಗಿನದು ಶಂಖದ ಶ. ನಾವು ದಿನವಿಡೀ ಇವೆರಡನ್ನೂ ಒಂದೇ ಮಾಡಿ ಮಾತಾಡುತ್ತೇವೆ, ಚೈನೀಸ್‌ನಲ್ಲಿ ಹಾಗೆ ಮಾಡಿದರೆ ಪದವೇ ಬದಲಾಗಬಹುದು. ಸಿಂಗಪುರದಲ್ಲಿ ಎಷ್ಟೋ ಜನ ಷವನ್ನು ಸ ಮಾಡಿಬಿಡುತ್ತಾರೆ, ಅದು ಬೇರೆ ವಿಷಯ. ಮಗು ಪಕ್ಕದ ಮನೆಯವರ ಹಾಗೆ ಹೇಳಿದರೆ ತಿದ್ದಲು ಹೋಗಬೇಡಿ.

ಸಂಬಂಧದ ಪದಗಳಲ್ಲಂತೂ ಕನ್ನಡಕ್ಕೆ ಇಂಗ್ಲಿಷ್ ಹತ್ತಿರಕ್ಕೂ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಬ್ರದರ್, ಸಿಸ್ಟರ್ ಅಷ್ಟೇ. ಚೈನೀಸ್‌ನಲ್ಲಿ ನಮ್ಮ ಹಾಗೆಯೇ ನಾಲ್ಕು: ಅಣ್ಣನಿಗೆ ಕ-ಕ, ತಮ್ಮನಿಗೆ ತೀತಿ, ಅಕ್ಕನಿಗೆ ಚ್ಯೆಚ್ಯೆ, ತಂಗಿಗೆ ಮೇಯ್‌ಮೇಯ್. ಆಡುವ ಜಾಗದಲ್ಲಿ ದೊಡ್ಡ ಹುಡುಗಿಯನ್ನು ಚ್ಯೆಚ್ಯೆ ಅಂತ ಕರೆದರೆ ಅವಳು ಕೂಡಲೇ ಕೈ ಹಿಡಿದು ಉಯ್ಯಾಲೆಗೆ ಕರೆದುಕೊಂಡು ಹೋಗುತ್ತಾಳೆ, ನಮ್ಮಲ್ಲಿ ಅಕ್ಕ ಅಂದ ಹಾಗೆ. ಅಮ್ಮನ ವಯಸ್ಸಿನ ಹೆಂಗಸರಿಗೆ 'ಆಯೀ' ಅನ್ನುತ್ತಾರೆ. ಉತ್ತರ ಕರ್ನಾಟಕದವರು ಹುಷಾರು, ನಿಮ್ಮ ಆಯಿ ಅಂದರೆ ಅಜ್ಜಿ. 'ನೀ' ಅಂದರೆ ನೀನೇ. ಇದು ಬರೀ ಕಾಕತಾಳೀಯ, ಆದರೆ ಮಗುವಿಗೆ ಅದೆಲ್ಲ ಯಾಕೆ, ಒಂದು ಪದ ಪುಕ್ಕಟೆ ಸಿಕ್ಕಿತಲ್ಲ. ಕಣ್ಣಾಮುಚ್ಚಾಲೆ ಆಡುವಾಗ 'ನೀ ತ್ಸಾಯ್ ನಾಲಿ?' ಅಂತ ಹುಡುಕುತ್ತಾ ಬನ್ನಿ, ನೀನೆಲ್ಲಿದ್ದೀಯಾ ಅಂತ. ಬಚ್ಚಿಟ್ಟುಕೊಂಡವಳು ತಡೆಯಲಾರದೆ ಪರದೆ ಹಿಂದಿನಿಂದ ಉತ್ತರ ಕೊಟ್ಟೇ ಕೊಡುತ್ತಾಳೆ.

ಉಳಿದ ಆಟಗಳನ್ನು ಬೇಗ ಹೇಳಿಬಿಡುತ್ತೇನೆ. ಮೂಗು ಪೀತ್ಸ, ಕಿವಿ ಅರ್‌ತ್ವ, ಕಣ್ಣು ಯೆನ್‌ಚಿಂಗ್. ಪೀತ್ಸ ಅಂತ ಕೂಗಿ ನೀವು ಬೇಕಂತಲೇ ಕಿವಿ ಮುಟ್ಟಿಕೊಳ್ಳಿ, ಮಗು ನಿಮ್ಮನ್ನು ನೋಡಿ ಮೋಸ ಹೋಗದೆ ಮೂಗು ಮುಟ್ಟಿಕೊಳ್ಳಬೇಕು. ಕಲ್ಲು-ಕತ್ತರಿ-ಕಾಗದ ಆಟದಲ್ಲಿ ಅವರಿಗೆ ಕಾಗದದ ಬದಲು ಬಟ್ಟೆ, ಕೈಸನ್ನೆ ಅದೇ. ನಾಲ್ಕೈದು ಮಕ್ಕಳು ಸೇರಿದರೆ ಹದ್ದು-ಕೋಳಿಮರಿ ಆಡಿಸಿ. ಚೀನೀ ಮಕ್ಕಳೆಲ್ಲ ಆಡುವ ಆಟ. ಒಬ್ಬರು ತಾಯಿಕೋಳಿ, ಹಿಂದೆ ಒಬ್ಬರ ಸೊಂಟ ಒಬ್ಬರು ಹಿಡಿದ ಮರಿಗಳು, ಹದ್ದು ಕೊನೆಯ ಮರಿಯನ್ನು ಹಿಡಿಯಬೇಕು. ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ ಆಡಿಸಿ, ಮನೆಯೊಳಗೆ ಬೇಡ, ನಮ್ಮ ಟಿವಿ ಸ್ಟ್ಯಾಂಡಿನ ಕಾಲು ಇನ್ನೂ ಅಲ್ಲಾಡುತ್ತಿದೆ.

ಅಕ್ಷರ ಬೇಡವೇ ಬೇಡ ಅಂತಲ್ಲ. ಪೆನ್ಸಿಲ್ ಬೇಡ ಅಷ್ಟೇ. ನಾಲ್ಕು ಐಸ್‌ಕ್ಯಾಂಡಿ ಕಡ್ಡಿ ತಗೊಳ್ಳಿ. ಎರಡನ್ನು ಕಾಲು ಅಗಲಿಸಿ ನಿಂತವನ ಹಾಗೆ ಒರಗಿಸಿಟ್ಟರೆ ಮನುಷ್ಯ. ಅವನಿಗೆ ಮೂರನೇ ಕಡ್ಡಿ ಅಡ್ಡ ಇಟ್ಟು ತೋಳು ಚಾಚಿಸಿದರೆ 'ದೊಡ್ಡದು' ಅನ್ನುವ ಅಕ್ಷರ. ಅವನ ತಲೆಯ ಮೇಲೆ ಇನ್ನೊಂದು ಅಡ್ಡ ಇಟ್ಟರೆ ಆಕಾಶ. ಇದನ್ನು ನೆಲದ ಮೇಲೆ ಮಾಡಿ ತೋರಿಸಿದ ದಿನ ಮಗಳು ತಾನೇ ಕಾಲು ಅಗಲಿಸಿ ತೋಳು ಚಾಚಿ ನಿಂತು "ನಾನು ದೊಡ್ಡದು" ಅಂದಳು, ಆಮೇಲೆ ತಲೆ ಮೇಲೆ ದಿಂಬು ಇಟ್ಟುಕೊಂಡು ಆಕಾಶ ಆದಳು. ಮರದ ಅಕ್ಷರ ಒಂದಿದ್ದರೆ ಮರ, ಎರಡು ಪಕ್ಕ ಪಕ್ಕ ನಿಂತರೆ ತೋಪು, ಮೂರಾದರೆ ಕಾಡು. ಆರು ವರ್ಷದೊಳಗೆ ಇಂಥವು ಹತ್ತು ಹನ್ನೆರಡು ಗುರುತು ಸಿಕ್ಕರೆ ಧಾರಾಳ ಆಯಿತು.

ವಿಡಿಯೋ ಹಾಕಿ ಕೂರಿಸಿದರೆ ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಪ್ಯಾಟ್ರಿಷಿಯಾ ಕೂಲ್ ಅನ್ನುವ ವಿಜ್ಞಾನಿಯ ತಂಡ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಮ್ಯಾಂಡರಿನ್ ಮಾತಾಡುವವರು ಎದುರಿಗೆ ಕೂತು, ಪುಸ್ತಕ ಓದಿ, ಆಟಿಕೆ ಆಡಿಸಿದರು. ಬರೀ 12 ಸಲ. ಆ ಕೂಸುಗಳು ಮ್ಯಾಂಡರಿನ್ ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಿದವು. ಅದನ್ನೇ ಟಿವಿಯಲ್ಲಿ ತೋರಿಸಿದ ಕೂಸುಗಳು ಏನೂ ಕಲಿಯಲಿಲ್ಲ. ನರ್ಸರಿ ಮಕ್ಕಳು ಕೂಸುಗಳಲ್ಲ, ಹಾಡು ಗೀಡು ಟಿವಿಯಿಂದ ಹಿಡಿಯುತ್ತಾರೆ, ಆದರೂ ಜೀವಂತ ಮನುಷ್ಯ ಒಬ್ಬರು ಬೇಕು. ಇಲ್ಲಿ ಅದಕ್ಕೆ ಬರವಿಲ್ಲ. ಪಕ್ಕದ ಮನೆ ಅಜ್ಜಿ ಇದ್ದಾರೆ, ಲೈಬ್ರರಿಗಳಲ್ಲಿ ಚೈನೀಸ್ ಕಥೆ ಹೇಳುವ ಕಾರ್ಯಕ್ರಮ ಇರುತ್ತವೆ. ಬೆಂಗಳೂರು ಮೈಸೂರಿನಲ್ಲಿ ಕೂತು ಕಲಿಸುವವರು ವಾರಕ್ಕೊಮ್ಮೆಯಾದರೂ ಭಾಷೆ ಬಲ್ಲ ಒಬ್ಬರ ಜೊತೆ ಮಗು ಆಡುವ ಹಾಗೆ ನೋಡಿಕೊಳ್ಳಿ. ನಿಮ್ಮ ಉಚ್ಚಾರ ಅರೆಬರೆ ಇದ್ದರೂ ಆಗ ಚಿಂತೆಯಿಲ್ಲ.

ಇನ್ನೆರಡು ಮಾತು. ಆಟದ ನಿಯಮ, ಜಗಳ, ಮುದ್ದು ಎಲ್ಲ ಕನ್ನಡದಲ್ಲೇ ಇರಲಿ, ಆಟದೊಳಗಿನ ಪದ ಮಾತ್ರ ಚೈನೀಸ್. ಹಾಗೆ ಮಾಡಿದರೆ ಕನ್ನಡಕ್ಕೆ ಕುತ್ತು ಬರುವುದಿಲ್ಲ. ಮೂರು ಭಾಷೆ ಆದರೆ ಮಗುವಿಗೆ ಗೊಂದಲ ಅಂತ ಹೇಳುವವರನ್ನು ಬೆಂಗಳೂರಿನ ಯಾವುದಾದರೂ ವಠಾರದ ಮಕ್ಕಳ ಮುಂದೆ ಅರ್ಧ ಗಂಟೆ ಕೂರಿಸಿ. ಎರಡನೆಯದು, ನೆಂಟರ ಮುಂದೆ "ಎಲ್ಲಿ, ಚೈನೀಸ್‌ನಲ್ಲಿ ಹೇಳು ಪುಟ್ಟಾ" ಅಂತ ನಿಲ್ಲಿಸಬೇಡಿ. ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಬಾಯಿಯೇ ಬಿಡುವುದಿಲ್ಲ, ಒಳಗೆ ತುಂಬಿಕೊಳ್ಳುತ್ತಿರುತ್ತಾರೆ. ಪಾವ್ ಅಂದಾಗ ಕೂತು ಫಾವ್ ಅಂದಾಗ ಓಡಿದರೆ ಅರ್ಥ ಆಗಿದೆ ಅಂತಲೇ ಲೆಕ್ಕ.

ಪ್ರದರ್ಶನದ ಬದಲು ಮಗುವನ್ನೇ ಟೀಚರ್ ಮಾಡಿ. ನಮ್ಮವಳು ಭಾನುವಾರ ವಾಟ್ಸ್ಯಾಪ್ ಕಾಲಿನಲ್ಲಿ ಶಿವಮೊಗ್ಗದ ಅಜ್ಜಿಗೆ ಪಾಠ ಮಾಡುತ್ತಾಳೆ. ಅಜ್ಜಿ ದಿನಾ ವಿಷ್ಣು ಸಹಸ್ರನಾಮ ಹೇಳುವವರು, ಅವರ ಫಾವ್ ಕೇಳಿ ನಾನೇ ದಂಗಾದೆ, ನನಗಿಂತ ಎಷ್ಟೋ ವಾಸಿ. ಷ ಶ ಕೂಡ ಖಡಕ್ಕಾಗಿ ಬೇರೆ ಬೇರೆ. ಎಣಿಕೆಯಲ್ಲಿ ಮಾತ್ರ ಆರಾದ ಮೇಲೆ ಪ್ರತಿ ಸಲ ನಿಂತುಬಿಡುತ್ತಾರೆ. "ಛೀ ಅನ್ನಿ ಅಜ್ಜಿ, ಛೀ!" ಅಂತ ಇವಳು ಫೋನಿನೊಳಗೆ ಕೂಗುತ್ತಾಳೆ. "ದೇವರ ಮನೆ ಮುಂದೆ ಕೂತಿದ್ದೀನಿ ಕಣೇ, ಹೇಗೆ ಅನ್ನಲಿ" ಅಂತ ಅಜ್ಜಿ ಫೋನ್ ಹಿಡಿದುಕೊಂಡು ಅಡುಗೆ ಮನೆಗೆ ಎದ್ದು ಹೋಗುತ್ತಾರೆ.